ತಿನ್ನಲಾಗದ ಕೇಕಿನ ಬೆಲೆ

ಶಾಂಭವಿ ಜಡೆಯಿಂದ ಪಿನ್ನು ಕಿತ್ತು, ಗಾಜಿನ ಮೇಜಿನ ಮೇಲಿದ್ದ ಐದು ಸ್ಟೆಪ್ಪಿನ ಕೇಕಿಗೆ ಚುಚ್ಚಿಯೇಬಿಟ್ಟಳು.

ಪಕ್ಕದಲ್ಲಿದ್ದ ಮದುಮಗಳು, ತಂಗಿ ಗಾಯತ್ರಿ "ಅಕ್ಕಾ..." ಎಂದು ಕೈ ಹಿಡಿಯುವಷ್ಟರಲ್ಲಿ ಪಿನ್ನು ಒಳಗೆ ಹೋಗಿ ಹೊರಗೆ ಬಂದಿತ್ತು. ಅದರ ತುದಿಗೆ ಕೇಕಿನ ಪುಡಿ ಇರಲಿಲ್ಲ. ಥರ್ಮಾಕೋಲಿನ ಬಿಳಿಯ ಕಾಳೊಂದು ಅಂಟಿಕೊಂಡಿತ್ತು.

"ಏನ್ರಿ ಇದು?"

ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ ಯುವಕ ಪಿನ್ನನ್ನು ನೋಡಿದ, ಕೇಕಿಗೆ ಬಿದ್ದ ತೂತನ್ನು ನೋಡಿದ, ಕೊನೆಗೆ ಅವಳ ಮುಖ ನೋಡಿದ. ಹೊಸಪೇಟೆಯ ಕಾಲೇಜು ರಸ್ತೆಯ ಒಳಗಲ್ಲಿಯಲ್ಲಿ ಆ ಕೇಕ್ ಅಂಗಡಿ ನಡೆಸುತ್ತಿದ್ದ ಹನುಮೇಶ್ ಅವನೇ.

"ಡಮ್ಮಿ ರಿ ಮೇಡಂ. ನೋಡಾಕಂತ ಇಟ್ಟಿದ್ದು. ಕೇಳಿದ್ರ ನಾನ ಹೇಳ್ತಿದ್ದೆ, ಚುಚ್ಚಬೇಕಿರಲಿಲ್ಲ."

"ಮದುವಿಗೆ ಕೊಡೋ ಕೇಕೂ ಹಿಂಗ ಇರ್ತೈತೇನು?"

"ಕೆಳಗಿನ ಎರಡು ಸ್ಟೆಪ್ ನಿಜವಾದ ಕೇಕ್. ಮ್ಯಾಲಿನ ಮೂರು ಡಮ್ಮಿ. ಐದೂ ನಿಜದ್ದು ಮಾಡಿದ್ರ ಭಾರಕ್ಕ ಕುಸೀತೈತಿ. ತಿನ್ನೋರಿಲ್ದ ಉಳೀತೈತಿ."

"ರೇಟು?"

"ನಿಜದ್ದು ಕಿಲೋಕ್ಕ ಒಂಬೈನೂರು. ಡಮ್ಮಿ ಒಂದಕ್ಕ ಏಳ್ನೂರು."

ಶಾಂಭವಿ ನಕ್ಕಳು. ಅದು ಸಂತೋಷದ ನಗುವಲ್ಲ. "ತಿನ್ನಾಕ ಬರಲಾರದ್ದಕ್ಕ ಏಳ್ನೂರು?"

"ಕಾಣಾಕ ಬರ್ತೈತಲ್ರಿ."

ಗಾಯತ್ರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಶಾಂಭವಿಯ ಮುಖ ಮಾತ್ರ ಬಿಗಿಯಿತು.

*ಕೇಳಿದ್ದಕ್ಕಿಂತ ಜಾಸ್ತಿ ನಿಜ ಯಾಕೆ ಹೇಳುತ್ತಿದ್ದಾನೆ ಇವನು?*

ಕಂಪ್ಲಿಯಲ್ಲಿ ಅವಳ ಅಪ್ಪ ಜಡೆಪ್ಪನವರದು ಅಕ್ಕಿ ಗಿರಣಿ. ಅಲ್ಲಿನ ಲೆಕ್ಕಪತ್ರವೆಲ್ಲ ಶಾಂಭವಿಯದೇ. 'ಈ ಒಂದು ಚೀಲ ಸ್ವಲ್ಪ ಹಸಿ ಐತ್ರಿ' ಎಂದು ತಾನಾಗಿಯೇ ಹೇಳುವವನು, ಹಿಂದಿನ ಹತ್ತು ಹಸಿ ಚೀಲಗಳನ್ನು ಒಣಗಿದ್ದೆಂದು ತೂಗಿಸಿಬಿಡುತ್ತಾನೆ. ಅದು ಅವಳು ಕಣ್ಣಾರೆ ಕಂಡ ವಿದ್ಯೆ.

"ಥರ್ಮಾಕೋಲಿಗೆ ಎಷ್ಟು ಬೀಳ್ತೈತಿ ನನಗ ಗೊತ್ತೈತಿ," ಎಂದಳು.

"ನನಗೂ ಗೊತ್ತೈತ್ರಿ." ಅವನ ದನಿ ಏರಲಿಲ್ಲ. "ಸೋಮವಾರ ನಿಮ್ಮವು ಮಾಡ್ತೀನಿ. ಬಂದು ಕುಂತು ನೋಡ್ರಿ. ಜಾಸ್ತಿ ಅನ್ನಿಸಿದ್ರ ನೀವು ಹೇಳಿದ್ದು ಕೊಡ್ರಿ."

ಎಲ್ಲರಿಗೂ ಹೇಳುವ ಮಾತು ಅದು, ಯಾರೂ ಬರುವುದಿಲ್ಲ ಎಂದುಕೊಂಡಿದ್ದನೇನೋ. ಶಾಂಭವಿ ಪಿನ್ನನ್ನು ಒರೆಸಿ ಜಡೆಗೆ ಸಿಕ್ಕಿಸಿಕೊಂಡಳು.

"ಬರ್ತೀನಿ."

ಅವಳು ಮೊದಲಿನಿಂದ ಹೀಗಿರಲಿಲ್ಲ.

ಎರಡು ವರ್ಷದ ಹಿಂದೆ ಶಾಂಭವಿಗೇ ನಿಶ್ಚಿತಾರ್ಥವಾಗಿತ್ತು. ಹುಡುಗ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಎಂದಿದ್ದರು. ದಿನಾ ಬೆಳಿಗ್ಗೆ ಕಾರ್ಖಾನೆಯ ಅಂಗಿ ತೊಟ್ಟ ಫೋಟೊ ಕಳಿಸುತ್ತಿದ್ದ, ಸಂಜೆ ಕೆಲಸದ ಸುಸ್ತು ಹೇಳಿಕೊಳ್ಳುತ್ತಿದ್ದ. ಅವನ ಹುಟ್ಟುಹಬ್ಬಕ್ಕೆಂದು ಅವಳು ಡಬ್ಬಿ ತುಂಬ ಗೋಧಿ ಹುಗ್ಗಿ ಮಾಡಿಕೊಂಡು ಕಾರ್ಖಾನೆಯ ಗೇಟಿಗೆ ಹೋದಳು. ಅಲ್ಲಿ ಆ ಹೆಸರಿನವನು ಕೆಲಸ ಬಿಟ್ಟು ವರ್ಷವಾಗಿತ್ತು.

ಗೇಟಿನವನು "ನೀವ್ಯಾರ್ರಿ ಅಕ್ಕಾರ?" ಎಂದು ಕೇಳಿದ್ದ. ಅವಳು ಹುಗ್ಗಿಯ ಡಬ್ಬಿಯನ್ನು ಅವನ ಕೈಗಿಟ್ಟು ಹಿಂದಿರುಗಿದಳು.

ಮದುವೆ ಮುರಿಯಿತು. ಅಪ್ಪ ಒಂದೇ ಮಾತು ಅಂದರು. "ಇನ್ನೊಂದು ಮಾತು ವಿಚಾರಿಸಬೇಕಿತ್ತವ್ವ ನಾವು." ತಮಗೆ ತಾವೇ ಹೇಳಿಕೊಂಡ ಮಾತು ಅದು. ಆದರೆ ಶಾಂಭವಿ ಅದನ್ನು ತನ್ನ ಮೇಲೆ ಹಾಕಿಕೊಂಡಳು. ಅಂದಿನಿಂದ ತರಕಾರಿಯವಳ ತಕ್ಕಡಿಯಿಂದ ಹಿಡಿದು ನೆಂಟರ ಹೊಗಳಿಕೆಯವರೆಗೆ ಎಲ್ಲದರಲ್ಲೂ ಅವಳಿಗೆ ಇನ್ನೊಂದು ಮಾತು ವಿಚಾರಿಸಬೇಕೆನ್ನಿಸತೊಡಗಿತು.

ಸೋಮವಾರ ಅವಳು ಅಂಗಡಿಗೆ ಹೋದಾಗ ಹನುಮೇಶನ ಕೈಯಲ್ಲಿದ್ದ ಮರಳು ಕಾಗದ ನಿಂತೇಹೋಯಿತು.

"ನಿಜವಾಗ್ಲೂ ಬಂದ್ರಿ?"

"ಬರ್ತೀನಿ ಅಂದಿದ್ದೆ."

ಅವನು ಸ್ಟೂಲು ಎಳೆದು ಹಾಕಿದ. ಥರ್ಮಾಕೋಲಿನ ದುಂಡು ಅಂಚನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ, ಅಂಟು ಸವರಿದ, ಸಕ್ಕರೆಯ ಕಣಕವನ್ನು ಹಾಳೆಯಂತೆ ಲಟ್ಟಿಸಿ ಅದರ ಮೇಲೆ ಹೊದಿಸಿದ. ಒಂದು ಮೂಲೆಯಲ್ಲಿ ಸುಕ್ಕು ಕಂಡಿತು. ಪೂರ್ತಿ ಕಿತ್ತು ಮತ್ತೆ ಹೊದಿಸಿದ.

"ನಾನು ಲಟ್ಟಿಸ್ಲೇನು?" ಕೇಳಿಬಿಟ್ಟ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಎರಡು ಸಲ ಹರಿದಳು. ಮೂರನೆಯ ಸಲವೂ ಹರಿದಾಗ ಅವನು ಆ ಚೂರನ್ನೇ ಅವಳ ಕೈಗಿಟ್ಟು, ಹೂವಿನ ಎಸಳು ತಿದ್ದುವುದನ್ನು ತೋರಿಸಿದ. ಅವಳು ಮಾಡಿದ ಹೂವು ಸೊಟ್ಟಗಾಯಿತು. ಅದನ್ನೇ ತೆಗೆದುಕೊಂಡು ನಡುವಿನ ಸ್ಟೆಪ್ಪಿಗೆ ಅಂಟಿಸಿದ.

"ತೆಗೀರಿ ಅದನ್ನ. ಸೊಟ್ಟ ಐತಿ."

"ಇರ್ಲಿ ಬಿಡ್ರಿ. ಗಿಡದಾಗಿನವು ಎಲ್ಲಾ ನೆಟ್ಟಗ ಇರ್ತಾವೇನು?"

ಮಧ್ಯಾಹ್ನದ ಹೊತ್ತಿಗೆ ಅವಳ ಮನಸ್ಸು ತನ್ನ ಹಳೆಯ ಕೆಲಸಕ್ಕೆ ಮರಳಿತ್ತು.

"ನಿಮ್ಮ ರೇಟ್ ತಪ್ಪೈತಿ."

"ಎಷ್ಟು ಕಮ್ಮಿ ಮಾಡಬೇಕ್ರಿ?"

"ಕಮ್ಮಿ ಅಲ್ಲ. ಇಡೀ ದಿನದ ನಿಮ್ಮ ಕೂಲಿ ಹಿಡಿದಿಲ್ಲ. ಕಂಪ್ಲಿ ತನಕ ಗಾಡಿ ಖರ್ಚು ಹಿಡಿದಿಲ್ಲ. ಏಳ್ನೂರಕ್ಕ ನಿಮಗ ಏನೂ ಉಳಿಯಂಗಿಲ್ಲ." ಅವಳ ಹುಬ್ಬು ಗಂಟಿಕ್ಕಿತು. "ಮತ್ತ ಲಾಭ ಎಲ್ಲಿಂದ ಬರ್ತೈತಿ?"

ಹನುಮೇಶ್ ನಕ್ಕ. "ಕಮ್ಮಿ ಇದ್ರೂ ಅನುಮಾನ ಏನ್ರಿ? ಕೆಲವ್ರು ಮದುವಿ ಮುಗಿದ ಮ್ಯಾಲ ಡಮ್ಮಿ ವಾಪಸ್ ಕೊಡ್ತಾರ. ಹಳೇ ಸಕ್ರಿ ಕೆರೆದು, ಹೊಸಾದು ಹೊದಿಸಿ, ಇನ್ನೊಬ್ರಿಗೆ ಅರ್ಧ ರೇಟಿಗೆ ಕೊಡ್ತೀನಿ. ಹಳೇದು ಅಂತ ಹೇಳೇ ಕೊಡ್ತೀನಿ."

"ನಮ್ಮವು ವಾಪಸ್ ಕೊಡಂಗಿಲ್ಲ. ಪೂರಾ ರೊಕ್ಕ ಕೊಟ್ಟು ಹೊಸಾವು ತಗೊಂತೀವಿ. ಮದುವಿ ಆದ ಮ್ಯಾಲ ಅವು ನಮ್ಮವ."

"ಆಗ್ಲಿ ರಿ."

ಅವಳು ಒಂದು ಡಮ್ಮಿಗೆ ಏಳುನೂರರ ಬದಲು ಒಂಬೈನೂರು ಕೊಟ್ಟಳು. ಅವನು ಬೇಡವೆಂದ. ಅವಳು ಬಿಡಲಿಲ್ಲ. ಇಬ್ಬರೂ ಹಟ ಮಾಡಿ ಎಂಟುನೂರಕ್ಕೆ ಒಪ್ಪಿದರು. ಕೊಳ್ಳುವವಳು ಏರಿಸಿ ಮಾರುವವನು ಇಳಿಸಿದ ಆ ಚೌಕಾಸಿ ನೆನೆದು, ಕಂಪ್ಲಿಯ ಬಸ್ಸಿನಲ್ಲಿ ಶಾಂಭವಿ ಒಬ್ಬಳೇ ನಕ್ಕಳು.

ಗಾಯತ್ರಿಯ ಮದುವೆ ಚೆನ್ನಾಗಿಯೇ ಆಯಿತು. ಕೇಕಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ನೆಂಟರೇ ಇರಲಿಲ್ಲ. ಮರುದಿನ ಹನುಮೇಶನ ಮೆಸೇಜ್ ಬಂತು. 'ಹೂವು ಯಾರರ ಗುರುತು ಹಿಡಿದ್ರೇನ್ರಿ?'

ಮಾತು ಅಲ್ಲಿಂದ ಬೆಳೆಯಿತು. ಹಂಪಿಯ ಕಡೆಯ ರೆಸಾರ್ಟ್ ಒಂದರ ಅಡುಗೆಮನೆಯಲ್ಲಿ ಕೇಕ್ ಕಲಿತದ್ದು, ಎಮ್ಮಿಗನೂರಿನಲ್ಲಿ ಅಪ್ಪನ ಕಬ್ಬಿನ ಹೊಲ, ಮಗ ಕೇಕ್ ಮಾಡುತ್ತಾನೆಂದರೆ ಅಪ್ಪನಿಗೆ ಇನ್ನೂ ನಾಚಿಕೆಯಾಗುವುದು... ಎಲ್ಲ ಹೇಳಿಕೊಂಡ. ಶಾಂಭವಿಯ ಮನಸ್ಸು ಅವನ ಮೆಸೇಜಿಗೆ ಕಾಯತೊಡಗಿತು. ಕಾಯುತ್ತಿದ್ದೇನೆಂದು ಗೊತ್ತಾದ ದಿನವೇ ಭಯವೂ ಹುಟ್ಟಿತು.

*ಆ ಎಂಜಿನಿಯರನೂ ದಿನಾ ಮೆಸೇಜ್ ಮಾಡುತ್ತಿದ್ದ. ಇವನೂ ಹಾಗೇನಾ?*

ರೆಸಾರ್ಟಿಗೆ ಬೇರೆ ಹೆಸರಿನಲ್ಲಿ ಫೋನ್ ಮಾಡಿ ಕೇಳಿದಳು. ನಿಜವಾಗಿತ್ತು. ಗಿರಣಿಯ ಲಾರಿ ಡ್ರೈವರನಿಗೆ ಎಮ್ಮಿಗನೂರಿನಲ್ಲಿ ವಿಚಾರಿಸಲು ಹೇಳಿದಳು. ಅದೂ ನಿಜವಾಗಿತ್ತು.

ಎರಡು ದಿನ ಬಿಟ್ಟು ಹನುಮೇಶ್ ಫೋನ್ ಮಾಡಿದ. "ನಿಮ್ಮ ಡ್ರೈವರ್ ನಮ್ಮಪ್ಪನ್ನ ಕೇಳಿದ್ನಂತ, ಎಷ್ಟು ಎಕರೆ ಕಬ್ಬು ಅಂತ. ಸಕ್ಕರಿ ಕಾರ್ಖಾನಿಯವ್ರು ಅನ್ಕೊಂಡು ನಮ್ಮಪ್ಪ ಎರಡು ಎಕರೆ ಜಾಸ್ತಿ ಹೇಳ್ಯಾನ."

ಅವಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

"ಸಿಟ್ಟಿಲ್ರಿ," ಎಂದ ಅವನು. "ಇನ್ನೊಮ್ಮೆ ನನ್ನನ್ನ ಕೇಳ್ರಿ. ನಾ ಹೇಳ್ತೀನಿ."

ಅವಳು ಹೂಂ ಎಂದಳು. ಆದರೆ ಸಮಯ ಬಂದಾಗ ಕೇಳಲಿಲ್ಲ.

ಒಂದು ದಿನ ಅವಳ ಫೋನಿನಲ್ಲಿ ಒಂದು ರೀಲ್ಸು ಕಂಡಿತು. ಯಾರೋ ಫೋಟೊಗ್ರಾಫರ್ ಹಾಕಿದ್ದ, ಯಾವುದೋ ಮದುವೆಯದು. ಮದುಮಗಳ ಬೆನ್ನಷ್ಟೇ ಕಾಣುತ್ತಿತ್ತು. ಅವಳ ಮುಂದೆ ನಾಲ್ಕು ಸ್ಟೆಪ್ಪಿನ ಗುಲಾಬಿ ಕೇಕು. ಅದರ ಮೇಲೊಂದು ಸೊಟ್ಟ ಹೂವು.

ಶಾಂಭವಿ ಬೆರಳಿಂದ ಚಿತ್ರ ದೊಡ್ಡದು ಮಾಡಿ ನೋಡಿದಳು. ತಾನೇ ಒತ್ತಿ ಅರ್ಧ ಹರಿದಿದ್ದ ಎಸಳು.

ಗಿರಣಿಯ ಗೋದಾಮಿಗೆ ಓಡಿದಳು. ಮದುವೆಯ ಸಾಮಾನೆಲ್ಲ ಅಲ್ಲೇ ಇತ್ತು. ಮೂರು ಡಮ್ಮಿಗಳು ಮಾತ್ರ ಇರಲಿಲ್ಲ.

*ಸೊಟ್ಟ ಹೂವು ಇರಲಿ ಬಿಡಿ ಎಂದವನು... ನಮ್ಮದನ್ನೇ ಹೊತ್ತೊಯ್ದು ಇನ್ನೊಬ್ಬರಿಗೆ ಮಾರಿದನೇ?*

ಮುಂದಿನ ಬಸ್ಸಿಗೇ ಹೊಸಪೇಟೆಗೆ ಹೊರಟಳು. ಅಂಗಡಿಯಲ್ಲಿ ಸಂಡೂರಿನ ಬಟ್ಟೆ ಅಂಗಡಿಯ ಹಂಪಮ್ಮ, ಮಗನ ಮದುವೆಗೆ ಏಳು ಸ್ಟೆಪ್ಪಿನ ಕೇಕ್ ಮಾತಾಡಲು ಮನೆಯವರೊಂದಿಗೆ ಬಂದು ಕುಳಿತಿದ್ದರು. ಹನುಮೇಶ್ ಆವರೆಗೆ ಹಿಡಿದ ಆರ್ಡರುಗಳಲ್ಲಿ ಅದೇ ದೊಡ್ಡದು. ಶಾಂಭವಿಗೆ ಅದು ಯಾವುದೂ ಕಾಣಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟಳು.

"ಇದು ನಮ್ಮ ಕೇಕಿನ ಡಮ್ಮಿ. ಹೌದೋ ಅಲ್ಲೋ?"

ಹನುಮೇಶ್ ನೋಡಿದ. ಮುಖ ಬಿಳಿಚಿತು. "ಹೌದ್ರಿ."

"ನಾವು ರೊಕ್ಕ ಕೊಟ್ಟು ತಗೊಂಡಿದ್ದು. ಇನ್ನೊಬ್ರಿಗೆ ಹೆಂಗ ಮಾರಿದ್ರಿ?"

"ಮಾರಿಲ್ಲ."

"ಮತ್ತ ಅಲ್ಲಿಗೆ ಹೆಂಗ ಹೋತು? ಯಾರ ಮದುವಿ ಇದು?"

ಅವನು ಹಂಪಮ್ಮನ ಮನೆಯವರ ಕಡೆಗೊಮ್ಮೆ ನೋಡಿದ.

"ಅದನ್ನ ಇಲ್ಲಿ ಹೇಳಾಕ ಬರಂಗಿಲ್ರಿ. ನಿಮ್ಮ ಮನ್ಯಾಗ ಕೇಳ್ರಿ."

"ಹೇಳಾಕ ಬಾಯಿ ಇರಂಗಿಲ್ಲ, ಯಾಕಂದ್ರ ಮೋಸ." ಅವಳು ಫೋನು ಎತ್ತಿಕೊಂಡಳು. "ಎಲ್ಲಾರೂ ಒಂದ. ನಿಜ ಹೇಳೋರ ಹಂಗ ಮಾತಾಡ್ತೀರಿ, ಅಷ್ಟ."

ಹಂಪಮ್ಮ ಮೆಲ್ಲಗೆ ಎದ್ದರು. "ನಾವು ಮತ್ತ ಬರ್ತೀವಪ್ಪ," ಎಂದರು. ಆ 'ಮತ್ತ' ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹನುಮೇಶ್ ಅವರನ್ನು ತಡೆಯಲಿಲ್ಲ. ಶಾಂಭವಿಯನ್ನೂ ಬೈಯಲಿಲ್ಲ. ಚೆಲ್ಲಿದ್ದ ಸಕ್ಕರೆ ಪುಡಿಯನ್ನು ಬಟ್ಟೆಯಿಂದ ಒರೆಸುತ್ತ ನಿಂತ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

ಈ ಸಲ ಕಳ್ಳ ಸಿಕ್ಕಿದ್ದ. ಸಮಾಧಾನವಾಗಬೇಕಿತ್ತು. ಆದರೂ ಕಂಪ್ಲಿ ಬರುವವರೆಗೂ ಫೋನಿನಲ್ಲಿ ಆ ಸೊಟ್ಟ ಹೂವನ್ನೇ ತೆರೆದು ತೆರೆದು ನೋಡಿದಳು.

ಮನೆಯ ಕಟ್ಟೆಯ ಮೇಲೆ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ವಿರುಪಮ್ಮ ಕುಳಿತಿದ್ದಳು. ಅವ್ವ ಜಂಬಮ್ಮ ಅವಳಿಗೆ ಚಹಾ ಕೊಡುತ್ತಿದ್ದರು. ವಿರುಪಮ್ಮನ ಮಗಳು ಅಂಜಿನಿಯನ್ನು ಹಿಂದಿನ ವಾರವಷ್ಟೇ ದರೋಜಿಗೆ ಕೊಟ್ಟಿದ್ದರು. ತನ್ನ ನಿಶ್ಚಿತಾರ್ಥ ಮುರಿದ ಮೇಲೆ ತಂಗಿಯದು ಬಿಟ್ಟರೆ ಶಾಂಭವಿ ಯಾವ ಮದುವೆಗೂ ಹೋದವಳಲ್ಲ. ಇದಕ್ಕೂ ಹೋಗಿರಲಿಲ್ಲ.

"ಲಾಡು ತಗೋರಿ ಅಕ್ಕಾರ," ವಿರುಪಮ್ಮ ಪೊಟ್ಟಣ ಚಾಚಿದಳು. "ಫೋಟೋ ನೋಡ್ರಿ, ನಮ್ಮ ಅಂಜಿನಿ ಹೆಂಗ ಕಾಣ್ತಾಳ."

ಫೋಟೊದಲ್ಲಿ ಅಂಜಿನಿ ನಗುತ್ತಿದ್ದಳು. ಅವಳ ಮುಂದೆ ಅದೇ ಗುಲಾಬಿ ಕೇಕು.

ಶಾಂಭವಿ ಕಟ್ಟೆಯ ಮೇಲೆ ಅವಳ ಪಕ್ಕ ಕುಳಿತಳು.

"ಇದು... ನಿಮಗ ಯಾರು ಕೊಟ್ರು?"

ವಿರುಪಮ್ಮ ಜಂಬಮ್ಮನ ಮುಖ ನೋಡಿ ತಲೆ ತಗ್ಗಿಸಿದಳು. "ಗಾಯತ್ರಮ್ಮಾರು ಗಂಡನ ಮನಿಗೆ ಹೋಗೋ ಮುಂದ ಕೊಟ್ಟು ಹೋದ್ರವ್ವ. ಅಂಜಿನಿ ನಿಮ್ಮನಿ ಕೇಕ್ ನೋಡಿ ಆಸೆ ಪಟ್ಟಿದ್ಲು. ಕೇಕಿನ ಹುಡುಗ ಹಳೇ ಸಕ್ರಿ ಎಲ್ಲಾ ಕೆರೆದು, ಕೆಳಗ ಒಂದು ನಿಜದ ಕೇಕ್ ಇಟ್ಟು, ಬಣ್ಣದ್ದು ಹೊದಿಸಿಕೊಟ್ಟ. ಬೀಗರಿಗೆ ಹಳೇದು ಅಂತ ಗೊತ್ತಾದ್ರ ಆಡಿಕೊಂತಾರ, ಯಾರಿಗೂ ಹೇಳಬ್ಯಾಡಪ್ಪ ಅಂತ ಕೈ ಮುಗದಿದ್ದೆ. ಪಾಪ, ಹೇಳಂಗಿಲ್ಲ ಅಂತ ಮಾತು ಕೊಟ್ಟಿದ್ದ." ಸ್ವಲ್ಪ ತಡೆದು ಸೇರಿಸಿದಳು. "ಆ ಸೊಟ್ಟ ಹೂವು ಬ್ಯಾಡ ಅಂದ್ರೂ ಕೇಳ್ಲಿಲ್ಲ ನೋಡ್ರಿ. ಬಿಡಿಸಿಟ್ಟುಕೊಂಡಿದ್ನಂತ. ಇದನ್ನ ಬಿಸಾಕಾಕ ಆಗಂಗಿಲ್ಲ ಅಂತ ಅವನ ಮತ್ತ ಹಚ್ಚಿದ."

ಶಾಂಭವಿ ಅವ್ವನ ಕಡೆ ತಿರುಗಿದಳು.

"ನನಗ್ಯಾಕ ಯಾರೂ ಹೇಳ್ಲಿಲ್ಲವ್ವ?"

ಜಂಬಮ್ಮ ಗಾಯತ್ರಿಗೆ ಫೋನ್ ಹಚ್ಚಿ ಅವಳ ಕೈಗಿಟ್ಟರು. ಉತ್ತರ ಕೊಟ್ಟವಳು ತಂಗಿಯೇ.

"ಹೇಳಿದ್ರ ನೀ ಬಿಡ್ತಿದ್ದೇನಕ್ಕ? ಯಾಕ ಕೊಟ್ಟಿ, ಅವ್ರು ಕೇಳಿದ್ರಾ, ಅವ ಎಷ್ಟು ತಗೊಂಡ... ಪೊಲೀಸ್ನೋರ ಹಂಗ ಕೇಳ್ತಿದ್ದಿ. ಕೊಟ್ಟ ಖುಷಿ ಅರ್ಧಕ್ಕ ಇಳೀತಿತ್ತು." ಆಮೇಲೆ ದನಿ ಮೆತ್ತಗಾಯಿತು. "ಮನ್ಯಾಗ ಎಲ್ಲಾರೂ ನಿನ್ನಿಂದ ಸಣ್ಣ ಸಣ್ಣದು ಮುಚ್ಚಿಡಾಕತ್ತೀವಿ. ನಿನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಎಲ್ಲವನ್ನೂ ವಿಚಾರಿಸುತ್ತಿದ್ದವಳಿಗೆ ಇದೊಂದು ಗೊತ್ತಿರಲಿಲ್ಲ.

ಮರುದಿನ ಶಾಂಭವಿ ಹನುಮೇಶನ ಅಂಗಡಿಗೆ ಹೋಗಲಿಲ್ಲ. ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ನೇರ ಸಂಡೂರಿಗೆ ಹೋದಳು. ಹಂಪಮ್ಮನ ಕೈಚೀಲದ ಮೇಲೆ ಸಂಡೂರಿನ ಬಟ್ಟೆ ಅಂಗಡಿಯ ಹೆಸರಿದ್ದುದು ನೆನಪಿತ್ತು, ಕೇಳಿದವರೆಲ್ಲರಿಗೂ ಆ ಅಂಗಡಿ ಗೊತ್ತಿತ್ತು.

"ನಿನ್ನೆ ನಾ ಹೇಳಿದ್ದು ತಪ್ಪ್ರಿ. ಅವ್ರು ಮೋಸ ಮಾಡಿಲ್ಲ. ಬ್ಯಾರೆಯವ್ರ ಮರ್ಯಾದಿಗೋಸ್ಕರ ಸುಮ್ಮನಿದ್ರು."

"ಯಾರ ಮರ್ಯಾದಿ?" ಹಂಪಮ್ಮನ ಕಣ್ಣು ಕಿರಿದಾಯಿತು.

"ಅದನ್ನ ನಾ ಹೇಳಾಕ ಬರಂಗಿಲ್ಲ."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಅವನೂ ಹೀಗೇ ನಿಂತಿದ್ದ.

"ಅವನ ಕಳಿಸ್ಯಾನೇನು ನಿನ್ನ? ನಿನ್ನೆ ಕಳ್ಳ ಅಂದಿ, ಇವತ್ತು ಒಳ್ಳ್ಯಾವ ಅಂತೀ. ಯಾವುದನ್ನ ನಂಬಬೇಕು?"

ಹಂಪಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟ ಶಾಂಭವಿಗೆ ಹೊಸದಲ್ಲ, ಅವಳದೇ. ಅದು ತನ್ನ ಮೇಲೆ ಬಿದ್ದರೆ ಹೇಗಿರುತ್ತದೆಂದು ಮಾತ್ರ ಈವರೆಗೆ ತಿಳಿದಿರಲಿಲ್ಲ.

"ನಂಬೋದು ಬಿಡೋದು ನಿಮಗ ಬಿಟ್ಟಿದ್ದು ರಿ. ನಾಕು ಮಂದಿ ಮುಂದ ಅಂದಿದ್ದೆ, ನಿಮ್ಮ ಮುಂದ ವಾಪಸ್ ತಗೋಬೇಕಿತ್ತು, ಬಂದೆ." ಕಣ್ಣೊರೆಸಿಕೊಂಡಳು.

ಹಂಪಮ್ಮ ನೀರು ತರಿಸಿ ಕೊಟ್ಟರು. "ಬಳ್ಳಾರಿ ಕೇಕಿನವ್ರಿಗೆ ಮುಂಗಡ ಕೊಟ್ಟಾಯ್ತವ್ವ. ಅದನ್ನೇನೂ ಮಾಡಾಕ ಆಗಂಗಿಲ್ಲ," ಎಂದರು. ಅವಳು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೇಳಿದರು. "ಆ ಹುಡುಗ ನಿನಗೇನಾಗಬೇಕು?"

ಶಾಂಭವಿ ನಿಂತಳು. ಉತ್ತರ ಬಾಯಿಗೆ ಬಂತು. ಮೊದಲು ಹೇಳಬೇಕಾದದ್ದು ಇವರಿಗಲ್ಲ ಎನ್ನಿಸಿ, ಕೈ ಮುಗಿದು ಹೊರಟಳು.

ಹನುಮೇಶನ ಅಂಗಡಿಗೆ ಹೋಗಲು ಅವಳಿಗೆ ಇನ್ನೂ ಮೂರು ದಿನ ಬೇಕಾಯಿತು. ಹೋದಾಗ ಅವನು ಕೇಕಿನ ಸ್ಟೆಪ್ಪುಗಳನ್ನು ಓಮ್ನಿಗೆ ಏರಿಸುತ್ತಿದ್ದ. ಕಮಲಾಪುರದಲ್ಲಿ ಮಧ್ಯಾಹ್ನ ಆರತಕ್ಷತೆ. ಜೊತೆಗೆ ಬರಬೇಕಿದ್ದವನು ಜ್ವರವೆಂದು ಬಂದಿರಲಿಲ್ಲ.

"ನಿಮ್ಮ ಜೊತಿ ಮಾತಾಡಬೇಕಿತ್ತು," ಎಂದಳು.

"ಟೈಮಿಲ್ರಿ." ಅವನು ಅವಳ ಮುಖ ನೋಡಲಿಲ್ಲ. ಕೈಯಲ್ಲಿದ್ದ ಕೇಕನ್ನು ಎಲ್ಲಿಡುವುದೆಂದು ಗಾಡಿಯೊಳಗೆ ಹುಡುಕಿದ. ಕೊನೆಗೆ, ಮನಸ್ಸಿಲ್ಲದೆ, "ಇದನ್ನ ತೊಡಿ ಮ್ಯಾಲ ಇಟ್ಕೊಂಡು ಕುಂದರ್ತೀರೇನು? ರೋಡ್ ಸರಿ ಇಲ್ಲ," ಎಂದ.

ಅವಳು ಹತ್ತಿ ಕುಳಿತಳು.

ಊರು ದಾಟಿ ಬಾಳೆ ತೋಟಗಳು ಬಂದವು. ಉಬ್ಬು ಬಂದಾಗಲೆಲ್ಲ ಅವನು ಗಾಡಿ ನಿಧಾನ ಮಾಡುತ್ತಿದ್ದ. ಅವಳು ಉಸಿರು ಬಿಗಿಹಿಡಿದು ಕೇಕನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ಹಂಪಮ್ಮಾರು ಫೋನ್ ಮಾಡಿದ್ರು," ಎಂದ ಅವನು ರಸ್ತೆ ನೋಡುತ್ತಲೇ. "ನೀವು ಸಂಡೂರಿಗೆ ಹೋಗಿದ್ರಂತ."

"ಆರ್ಡರ್ ವಾಪಸ್ ಬರ್ಲಿಲ್ಲ."

"ಆರ್ಡರ್ ಹೋದ್ರ ಇನ್ನೊಂದು ಬರ್ತೈತ್ರಿ. ಮೋಸ ಅಂದ್ರಲ್ಲ, ಅದೂ ತಡಕೊಂತೀನಿ. ಎಲ್ಲಾರೂ ಒಂದ ಅಂದ್ರಿ ನೋಡ್ರಿ..." ಅವನು ಒಂದು ಗುಂಡಿ ತಪ್ಪಿಸಿ ಗಾಡಿ ಹೊರಳಿಸಿದ. "ನಾ ನಿಮ್ಮನ್ನ ಎಲ್ಲಾರ ಹಂಗ ನೋಡಿದ್ದಿಲ್ಲ. ಒಂದು ದಿನಾನೂ."

"ಗೊತ್ತಾತು. ತಡ ಮಾಡಿ ಗೊತ್ತಾತು." ಅವಳಿಗೆ ಮಾತು ಒಂದೊಂದೇ ಬರುತ್ತಿತ್ತು. "ನಿಮ್ಮ ಮ್ಯಾಲ ಅನುಮಾನ ಇತ್ತಂತ ಹಂಗ ಮಾಡಿದ್ದಲ್ಲ. ನಿಮ್ಮನ್ನ ನಂಬಾಕತ್ತಿದ್ದೆ. ಅದಕ್ಕ ಅಂಜಿಕೆ ಆತು."

ಅವನು ಗೇರ್ ಇಳಿಸಿದ. ಗಾಡಿ ಇನ್ನಷ್ಟು ನಿಧಾನವಾಯಿತು.

ಅವಳ ಕಣ್ಣು ತುಂಬಿ ಹರಿಯತೊಡಗಿತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಕೇಕಿನ ಮೇಲೆ ಬೀಳದಿರಲೆಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

ಹನುಮೇಶ್ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು, ಹುಣಸೆಮರದ ನೆರಳಲ್ಲಿ ನಿಲ್ಲಿಸಿದ. ಜೇಬಿನಿಂದ ಕರ್ಚೀಫು ತೆಗೆದ. ಒಂದು ಕ್ಷಣ ಅನುಮಾನಿಸಿ, ಅವಳ ಕೆನ್ನೆ ಒರೆಸಿದ. ಅವನ ಕೈಗೆ ಏಲಕ್ಕಿಯ ವಾಸನೆಯಿತ್ತು.

"ಅಳಬ್ಯಾಡ್ರಿ. ಸಿಟ್ಟು ಇನ್ನೂ ಪೂರಾ ಹೋಗಿಲ್ಲ. ಆದ್ರ ನೀವು ಅತ್ರ ನೋಡಾಕ ಆಗಂಗಿಲ್ಲ ನನಗ."

"ನಿನ್ನೆ ಅಪ್ಪಗ ಹೇಳ್ದೆ," ಎಂದಳು ಅವಳು ತಟ್ಟನೆ.

"ಏನಂತ?"

"ನನಗ ಹನುಮೇಶ್ ಇಷ್ಟ ಅಂತ."

ಅವನ ಕೈ ಗಾಳಿಯಲ್ಲೇ ನಿಂತಿತು. "ನಮ್ಮ ಜಾತಿ ಬ್ಯಾರೆ... ನಾ ಕೇಕ್ ಮಾಡಾವ... ಏನಂದ್ರು?"

"ಮಧ್ಯಾಹ್ನ ಉಣ್ಣಲಿಲ್ಲ. ರಾತ್ರಿನೂ ಉಣ್ಣಲಿಲ್ಲ. ಇವತ್ತು ಮುಂಜಾನಿ ಒಂದ ಮಾತು ಅಂದ್ರು. ಹುಡುಗನ್ನ ಮಿಲ್ಲಿಗೆ ಬರಾಕ ಹೇಳು, ಮಾತಾಡಿ ನೋಡೋಣ ಅಂತ." ಮೂಗು ಎಳೆದುಕೊಂಡಳು. "ಒಪ್ಪಿಲ್ಲ. ಬ್ಯಾಡ ಅಂತಾನೂ ಅಂದಿಲ್ಲ."

ಹನುಮೇಶ್ ಅವಳನ್ನೇ ನೋಡಿದ. ತೊಡೆಯ ಮೇಲೆ ಯಾರದೋ ಮದುವೆಯ ಕೇಕು ಹೊತ್ತು, ಕೆಂಪು ಮೂಗಿನಲ್ಲಿ ಕುಳಿತಿದ್ದ ಅವಳನ್ನು.

"ನನ್ನನ್ನ ಒಂದು ಮಾತು ಕೇಳ್ದ, ಮೊದಲು ಅಪ್ಪಾರಿಗೆ ಹೇಳಿಬಿಟ್ರೇನು?"

"ಈಗ ಕೇಳಾಕತ್ತೀನಿ."

"ಕೇಳ್ರಿ ಮತ್ತ."

ಅವಳು ಕೇಳಲು ಬಾಯಿ ತೆರೆದಳು. ಮಾತಿನ ಬದಲು ಬಿಕ್ಕಳಿಕೆ ಬಂತು. ಅವನು ನಕ್ಕ. ಅಂದಿನ ಜಗಳದ ನಂತರ ಅವಳು ನೋಡಿದ ಮೊದಲ ನಗು ಅದು.

"ಹೂಂ," ಎಂದ ಅವನು. "ಹೂಂ ಅಂದೆ, ಶಾಂಭವಿ. ಯಾವಾಗ ಬರ್ಲಿ ಮಿಲ್ಲಿಗೆ?"

"ಈ ಕೇಕ್ ಇಳಿಸಿದ ಕೂಡ್ಲೇ."

"ಅಂಗಿ ಬದಲಿಸ್ಕೊಂತೀನಿ. ಮೈತುಂಬ ಸಕ್ರಿ ಐತಿ."

"ಬ್ಯಾಡ," ಎಂದಳು ಶಾಂಭವಿ. "ಹಿಂಗ ಬರ್ರಿ."